ನಡೆದು ನೋಡದ ಇನ್ನೂರು ಮೀಟರು

ನನಗೊಂದು ವಿಚಿತ್ರ ಚಟವಿದೆ. ಗೊತ್ತಿಲ್ಲದ ಜಾಗಕ್ಕೆ ಕಾಲಿಟ್ಟರೆ ಮೊದಲು ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಕುಟ್ಟಿ ನೋಡುತ್ತೇನೆ. ಮದುವೆ ಮಂಟಪವಿರಲಿ, ಬಸ್ ನಿಲ್ದಾಣವಿರಲಿ, ಹೊಲದ ಬದುವಿರಲಿ, ಕುಟ್ಟದೆ ಮುಂದೆ ಹೋಗಲಾರೆ. ಟೊಳ್ಳು ಸದ್ದು ಬಂದರೆ ಸುತ್ತು ಹಾಕಿಕೊಂಡು ಹೋಗುತ್ತೇನೆ. ಮಗಳ ಮಾವನವರು ಮುಧೋಳದಲ್ಲಿ ಹೊಸ ಮನೆ ಕಟ್ಟಿಸಿ ಪ್ರವೇಶಕ್ಕೆ ಕರೆದಿದ್ದಾಗ ಅವರ ಪಡಸಾಲೆಯಲ್ಲೂ ಹೀಗೇ ಕುಟ್ಟಿದೆ. ಅವರು ಮುಖ ಸಣ್ಣದು ಮಾಡಿಕೊಂಡು, ಫರಸಿ ಕಲ್ಲು ಗಟ್ಟಿಯಾಗಿಯೇ ಕೂತಿದೆ, ಗೌಂಡಿ ಒಳ್ಳೆಯವನು ಎಂದು ಸಮಜಾಯಿಷಿ ಕೊಟ್ಟರು. ಹೆಂಡತಿ ಮನೆ ಮುಟ್ಟುವ ತನಕ ಬೈದಳು. ನಾಲ್ಕು ವರ್ಷದ ಮೊಮ್ಮಗಳು ಮಾತ್ರ ನನ್ನ ಪಕ್ಷ. ಅವಳೂ ಈಗ ಎಲ್ಲಿ ಹೋದರೂ ಧಡ್ ಧಡ್ ಎಂದು ಕುಟ್ಟಿಯೇ ಒಳಗೆ ಹೋಗುತ್ತಾಳೆ.

ಯಾಕಜ್ಜಾ ಹೀಗೆ ಕುಟ್ಟುವುದು ಎಂದು ಅವಳೊಮ್ಮೆ ಕೇಳಿದಳು. ಇಲಿ ಓಡಿಹೋಗಲಿ ಅಂತ ಎಂದೆ. ಸುಳ್ಳು. ನಿಜ ಸಂಗತಿ ಮಗುವಿಗೆ ಹೇಳುವಂಥದ್ದಲ್ಲ. ನಿಮಗೆ ಹೇಳುತ್ತೇನೆ.

ನಾನು ವೇಗದ ಮನುಷ್ಯನಲ್ಲ, ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ವಂಶದಲ್ಲೇ ಅದಿಲ್ಲ. ಅಪ್ಪ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಮುಧೋಳದಿಂದ ಜಮಖಂಡಿಗೆ ಹೋಗುವಾಗ ಮುಂದೆ ಕಬ್ಬಿನ ಚಕ್ಕಡಿ ಸಿಕ್ಕರೆ ಅದನ್ನು ದಾಟುವ ಮನಸ್ಸು ಮಾಡುತ್ತಿರಲಿಲ್ಲ. ಎತ್ತು ಬೆದರಿದರೆ ಏನು ಮಾಡುವುದು ಎನ್ನುವುದು ಅವರ ವಾದ. ಚಕ್ಕಡಿಯ ಹಿಂದೆಯೇ ಬಸ್ಸು ತೆವಳುತ್ತಿತ್ತು. ಮುಂದಿನ ಸೀಟಿನವರು ಇಳಿದು, ಚಕ್ಕಡಿಯಿಂದ ನಾಲ್ಕು ಗಳ ಕಬ್ಬು ಎಳೆದುಕೊಂಡು, ಮತ್ತೆ ಬಸ್ಸು ಹತ್ತಿ ಸೀಳುತ್ತ ಕೂಡುವಷ್ಟು ಪುರಸೊತ್ತು. ಹತ್ತು ವರ್ಷದವನಾಗಿದ್ದ ನಾನು ಒಂದು ರವಿವಾರ ಅಪ್ಪನ ಕೈಗಡಿಯಾರ ಇಸಿದುಕೊಂಡು, ರಸ್ತೆಯ ಕಿಲೋಮೀಟರು ಕಲ್ಲುಗಳನ್ನು ಎಣಿಸುತ್ತ ಲೆಕ್ಕ ಹಾಕಿದೆ. ಊಟಕ್ಕೆ ಕೂತಾಗ ಎಲ್ಲರೆದುರು, ಅಪ್ಪ, ನಿನ್ನ ಬಸ್ಸು ತಾಸಿಗೆ ಹದಿನೆಂಟು ಕಿಲೋಮೀಟರು ಓಡುತ್ತದೆ ಎಂದು ವರದಿ ಒಪ್ಪಿಸಿದೆ. ಅಪ್ಪ ಮರುದಿನದಿಂದ ಗಡಿಯಾರವನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ ಹೋಗತೊಡಗಿದರು.

ಮುಧೋಳ ಎಂದರೆ ಬೇಟೆನಾಯಿಯ ಊರು. ನನ್ನ ಗೆಳೆಯನೊಬ್ಬನ ಮನೆಯಲ್ಲಿ ಅಂಥ ಎರಡು ನಾಯಿಗಳಿದ್ದವು. ಕಾಲು, ಪಕ್ಕೆಲುಬು, ಮೂತಿ ಬಿಟ್ಟರೆ ಮೈಯಲ್ಲಿ ಬೇರೇನೂ ಇಲ್ಲವೇನೋ ಎನ್ನುವಂಥವು. ಅವು ಮೊಲದ ಬೆನ್ನು ಹತ್ತುವ ವೇಗವನ್ನೂ ಅಳೆಯಬೇಕೆಂದು ಬೀಳು ಹೊಲದ ಬದುವಿನ ಮೇಲೆ ಒಂದು ಮುಂಜಾನೆಯೆಲ್ಲ ನಿಂತಿದ್ದೆ. ನಾನು ಬೇಡಿ ತಂದ ಗಡಿಯಾರದ ಮುಳ್ಳು ನೋಡಿ ತಲೆ ಎತ್ತುವಷ್ಟರಲ್ಲಿ ಮೊಲವೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಓಡುವವರು ಬೇರೆಯವರು, ದಂಡೆಯಲ್ಲಿ ಗಡಿಯಾರ ಹಿಡಿದು ನಿಲ್ಲುವವನು ನಾನು. ಅದೇ ಮುಂದೆ ನನ್ನ ನೌಕರಿಯೂ ಆಯಿತು.

ಜಮಖಂಡಿ ಕಡೆಯ ಒಂದು ಐಟಿಐಯಲ್ಲಿ ನಾನು ಮೋಟಾರು ಮೆಕ್ಯಾನಿಕ್ ವಿಭಾಗದ ಮಾಸ್ತರನಾಗಿದ್ದೆ. ಹುಡುಗರಿಗೆ ಇಂಜಿನ್ ಬಿಚ್ಚುವುದು, ಜೋಡಿಸುವುದು ಕಲಿಸುತ್ತಿದ್ದೆ. ನಾನು ಓಡಾಡುತ್ತಿದ್ದುದು ಮಾತ್ರ ಒಂದು ಮೊಪೆಡ್ ಮೇಲೆ. ಅದರ ಸ್ಪೀಡೋಮೀಟರಿನ ಕಾಟಾ ಮೂವತ್ತು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಕಲಿತು ಹೋದವರಲ್ಲಿ ಕೆಲವರು ಸಮೀರವಾಡಿಯ ಸಕ್ಕರೆ ಕಾರ್ಖಾನೆ ಸೇರುತ್ತಿದ್ದರು, ಕೆಲವರು ಟ್ರ್ಯಾಕ್ಟರ್ ಷೋರೂಮು, ಉಳಿದವರು ಬಸ್ ನಿಲ್ದಾಣದ ಹಿಂದಿನ ಗ್ಯಾರೇಜು. ಗಾಡಿಯ ಲೋಕದಲ್ಲಿ ಇದಕ್ಕಿಂತ ಬೇರೆ ಕೆಲಸವಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಅಷ್ಟಾಗಿ ಗೊತ್ತಿರಲಿಲ್ಲ.

ಆ ಹೊತ್ತಿಗೆ ಬಂದವರು ತೇರದಾಳದ ಉಪಾಧ್ಯೆ. ನಮ್ಮ ಸಂಸ್ಥೆಯ ಗುಮಾಸ್ತರ ಬಳಗದವರು. ಮಹಾರಾಷ್ಟ್ರದಲ್ಲಿ ಹೊಸ ಗಾಡಿಗಳನ್ನು ಓಡಿಸಿ ಪರೀಕ್ಷೆ ಮಾಡುವ ಒಂದು ಕಂಪನಿಯಲ್ಲಿದ್ದರು. ಕಂಪನಿಯ ಕೆಲಸದ ಮೇಲೆ ಒಮ್ಮೆ ಅಮೆರಿಕಕ್ಕೆ ಹೋಗಿ, ಅಲ್ಲಿಯ ಉಪ್ಪಿನ ಬಯಲಿನಲ್ಲಿ ನಡೆಯುವ ವೇಗದ ಓಟವನ್ನು ವಾರಪೂರ್ತಿ ನೋಡಿ ಬಂದಿದ್ದರು. ಊರಿಗೆ ಬಂದವರನ್ನು ಹಿಡಿದು ತಂದು ನಮ್ಮ ಹುಡುಗರ ಮುಂದೆ ನಿಲ್ಲಿಸಿದೆ. ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿ, ಗೋಡೆಯ ಮೇಲೆ ಅವರು ಚಿತ್ರ ತೋರಿಸಿದರು. ಕಣ್ಣು ಮುಟ್ಟುವ ತನಕ ಬಿಳಿ ನೆಲ, ಅದರ ಮೇಲೆ ಪೆನ್ಸಿಲಿನಂತೆ ಉದ್ದನೆಯ ಗಾಡಿಗಳು. ಅಲ್ಲಿ ಒಬ್ಬರನ್ನೊಬ್ಬರು ಹಿಂದೆ ಹಾಕುವುದಿಲ್ಲ. ಒಂದೇ ಗಾಡಿ, ಒಂದೇ ನೆಟ್ಟನೆಯ ದಾರಿ, ಎದುರಾಳಿ ಎಂದರೆ ಗಡಿಯಾರ ಮಾತ್ರ. ಇದನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ಹತ್ತು ವರ್ಷದ ಹುಡುಗನಾಗಿ ನಾನು ಮಾಡಿದ್ದೂ ಇದೇ ಅಲ್ಲವೇ ಅನಿಸಿತು.

ಉಪಾಧ್ಯೆ ಹೇಳಿದ್ದು ಈಗಲೂ ನೆನಪಿದೆ. "ಮಂದಿಗೆ ಗಾಡಿ ನಡಸಾಂವ ಒಬ್ಬನ ಕಾಣತಾನ. ಅವನ ಹಿಂದ ಬ್ರೇಕ್ ನೋಡಾವ್ರು, ಟಾಯರ್ ನೋಡಾವ್ರು, ಇಂಜಿನ್ ಸಪ್ಪಳಾ ಕೇಳಾವ್ರು ಹತ್ತಾರು ಮಂದಿ ಇರ್ತಾರ. ನಿಮಗೆಲ್ಲಾ ಅಲ್ಲೆ ಕೆಲಸ ಐತಿ."

ಆಮೇಲೆ ಇನ್ನೊಂದು ಮಾತು ಹೇಳಿದರು. ಓಟಕ್ಕೆ ಮುಂಚೆ ಆ ದಾರಿಯನ್ನು ಅಲ್ಲಿಯವರು ಸಾಲಾಗಿ ನಿಂತು, ಕಳೆ ತೆಗೆಯುವ ಹೆಣ್ಣುಮಕ್ಕಳ ಹಾಗೆ, ಗೇಣು ಗೇಣು ನಡೆದು ನೋಡುತ್ತಾರಂತೆ. ಹಿಂದಿನ ಬೆಂಚಿನಿಂದ ರೇಣುಕಾ ಎದ್ದು ನಿಂತು, ಬರೀ ಕಣ್ಣಿಂದ ನೋಡುತ್ತಾರೋ, ತುಳಿದೂ ನೋಡುತ್ತಾರೋ ಎಂದು ಕೇಳಿದಳು. ಉಪಾಧ್ಯೆ ಒಂದು ಕ್ಷಣ ಅವಳನ್ನೇ ನೋಡಿ, ಎರಡೂ ಎಂದರು.

ರೇಣುಕಾ ನಮ್ಮ ವಿಭಾಗದ ಒಬ್ಬಳೇ ಹುಡುಗಿ. ಬನಹಟ್ಟಿಯವಳು. ಅವಳಪ್ಪ ಮಲ್ಲಪ್ಪ ಪವರ್‌ಲೂಮಿನಲ್ಲಿ ಸೀರೆ ನೇಯುವವನು. ಮಗ್ಗದ ಸದ್ದಿಗೆ ಅವನ ಕಿವಿ ಮುಕ್ಕಾಲು ಹೋಗಿತ್ತು. ಮಗ್ಗದಲ್ಲಿ ಏನು ಕೆಟ್ಟಿದೆ ಎನ್ನುವುದನ್ನು ಅಪ್ಪನ ಬದಲು ಮಗಳೇ ಕೇಳಿ ಹೇಳುತ್ತಿದ್ದಳಂತೆ. ಹಾಗೆ ಬೆಳೆದ ಕಿವಿ ಅದು. ಕ್ಲಾಸಿನಲ್ಲಿ ನಾನು ಇಂಜಿನ್ ಚಾಲೂ ಮಾಡಿ, ಏನು ದೋಷ ಹೇಳಿ ಅಂದರೆ ಹುಡುಗರು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಅವಳು ಹೇಳಿ ಮುಗಿಸಿರುತ್ತಿದ್ದಳು. ಅವತ್ತು ಉಪಾಧ್ಯೆಯವರೂ ಒಂದು ಇಂಜಿನ್ ಮೇಲೆ ಪರೀಕ್ಷೆ ಮಾಡಿ ನೋಡಿದರು. ಹೋಗುವಾಗ ನನ್ನನ್ನು ಬದಿಗೆ ಕರೆದು, ಈ ಹುಡುಗಿ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ತರಲಿ, ನಮ್ಮಲ್ಲಿ ಟ್ರೇನಿಂಗಿಗೆ ತೆಗೆದುಕೊಳ್ಳುವ ಜವಾಬ್ದಾರಿ ನನ್ನದು ಎಂದರು. ನಾನೇ ಪಾಸಾದಷ್ಟು ಹಿಗ್ಗಿದೆ. ಅವಳಿಗೂ ಹೇಳಿದೆ. ಅವಳು ಮುಖದ ಮೇಲೆ ಏನನ್ನೂ ತೋರಿಸಿಕೊಳ್ಳಲಿಲ್ಲ. ಆದರೆ ಆ ದಿನದಿಂದ ಸಂಜೆ ಎಲ್ಲರಿಗಿಂತ ಕೊನೆಗೆ ವರ್ಕ್‌ಶಾಪಿನಿಂದ ಹೊರಬೀಳುತ್ತಿದ್ದವಳು ಅವಳೇ.

ನಾವೂ ಒಂದು ಗಾಡಿ ಮಾಡೋಣ ಎಂದವನು ನಾನು. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಹುಡುಗರು ಕೇಳಿರಲಿಲ್ಲ. ಪ್ರಿನ್ಸಿಪಾಲರನ್ನು ಕೇಳಿದೆ. ಮಾಡಿ, ಆದರೆ ಕಾಗದದ ಮೇಲೆ ಏನೂ ಬೇಡ ಎಂದರು. ಕಾಗದದ ಮೇಲೆ ಯಾಕೆ ಬೇಡ ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಮೂಲೆಗೆ ಬಿದ್ದಿದ್ದ ಒಂದು ಮೋಟಾರ್ ಸೈಕಲ್ಲಿನ ಇಂಜಿನ್, ನೀರಿನ ಪೈಪು ಬೆಸೆದು ಮಾಡಿದ ಚೌಕಟ್ಟು, ಹಳೆಯ ಮೊಪೆಡ್ಡುಗಳ ಮೂರು ಗಾಲಿ. ಮುಂದೆ ಒಂದು, ಹಿಂದೆ ಎರಡು. ನಡೆಸುವವರು ನೆಲಕ್ಕೆ ಗೇಣು ಅಂತರದಲ್ಲಿ ಕಾಲು ಚಾಚಿ, ಹೆಚ್ಚುಕಡಿಮೆ ಮಲಗಿಯೇ ಕೂಡಬೇಕು. ನೋಡಿದವರು ಹೆಣದ ಚಟ್ಟದ ಹಾಗಿದೆ ಎಂದು ನಕ್ಕರು. ನಾನೂ ನಕ್ಕೆ. ಹುಡುಗರೆಲ್ಲ ದಪ್ಪ ಮೈಯವರು. ಹಗುರದವರು ಬೇಕು ಎಂದಾಗ ರೇಣುಕಾ, "ನಾ ಕುಂಡ್ರತೇನ್ರಿ ಸರ" ಎಂದಳು. ಅದಕ್ಕೆ ಯಾರದೂ ತಕರಾರಿರಲಿಲ್ಲ.

ಗಾಡಿಯೇನೋ ಆಯಿತು, ಓಡಿಸುವುದೆಲ್ಲಿ? ನಮ್ಮ ರಸ್ತೆಗಳಲ್ಲಿ ಒಂದು ಕಿಲೋಮೀಟರಿಗೆ ನೂರು ಹೊಂಡ. ಆಗ ಹನಮಂತ ಎಂಬ ಹುಡುಗ ಒಂದು ಉಪಾಯ ಹೇಳಿದ. ಅವನದು ಬೀಳಗಿ ತಾಲ್ಲೂಕು. ಆಲಮಟ್ಟಿಯ ಹಿನ್ನೀರಿಗೆ ಅವನ ಊರು ಹೋಗಿ, ಅವರೆಲ್ಲ ಪುನರ್ವಸತಿ ಕೇಂದ್ರದಲ್ಲಿ ತಗಡಿನ ಮನೆಗಳಲ್ಲಿದ್ದರು. ಊರು ಬಿಡುವಾಗ ಅವನಿಗೆ ಏಳೆಂಟು ವರ್ಷ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಾಗ ಆ ಜಾಗ ಮೇಲೇಳುತ್ತದೆ, ಬಯಲು ಸಾರಿಸಿದ ಅಂಗಳದ ಹಾಗಿರುತ್ತದೆ ಎಂದ.

ಹೋಗಿ ನೋಡಿದೆ. ಊರು ಎನ್ನುವುದರ ಕುರುಹು ಹೆಚ್ಚೇನೂ ಉಳಿದಿರಲಿಲ್ಲ. ಕಲ್ಲು, ಬಾಗಿಲು, ತೊಲೆಗಳನ್ನು ಜನ ಹೇರಿಕೊಂಡು ಹೋಗಿದ್ದರು. ಮಣ್ಣಿನ ಗೋಡೆಗಳು ನೀರಿನಲ್ಲಿ ಕರಗಿ ನೆಲಸಮವಾಗಿದ್ದವು. ಒಂದು ಗುಡಿಯ ಕಟ್ಟೆ, ಒಂದು ಬೇವಿನ ಬೊಡ್ಡೆ. ಅಲ್ಲಿಂದಾಚೆ ನೀರು ತಂದ ನುಣ್ಣನೆಯ ರೇವೆ ಮಣ್ಣು ಒಣಗಿ ಗಟ್ಟಿಯಾಗಿ, ನೀರಿನ ಅಂಚಿನವರೆಗೂ ಸಪಾಟು ಹಾಸಿತ್ತು. ಹನಮಂತ ಕೈ ತೋರಿಸಿ, ಇಲ್ಲಿ ನಮ್ಮ ಮನೆ ಇತ್ತು, ಇಲ್ಲಿ ಶಾಲೆ ಎಂದು ಹೇಳುತ್ತಿದ್ದ. ನಾನು ಹೂಂ ಹೂಂ ಎನ್ನುತ್ತ ಹೆಜ್ಜೆ ಎಣಿಸುತ್ತಿದ್ದೆ. ಒಬ್ಬನ ಊರಿನ ಮೇಲೆ ನಿಂತಿದ್ದೇನೆ ಎಂದು ಅನಿಸಬೇಕಿತ್ತು. ಅನಿಸಿದ್ದು, ಉಪ್ಪಿನ ಬಯಲು ನಮಗೂ ಸಿಕ್ಕಿತು ಎಂದು.

ಒಂದು ರವಿವಾರ ಹನಮಂತನ ಕಾಕಾ ಎತ್ತು ಹೂಡಿ ಕೊರಡು ಹೊಡೆದು ನೆಲದ ಬಿರುಕು ಮುಚ್ಚಿಕೊಟ್ಟ. ಮುಂದಿನ ರವಿವಾರ ಬೆಳಿಗ್ಗೆ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದೆವು. ನಾನು, ರೇಣುಕಾ, ಹನಮಂತ, ಇನ್ನಿಬ್ಬರು ಹುಡುಗರು. ಏಳುನೂರು ಮೀಟರು ಹಗ್ಗ ಹಿಡಿದು ಅಳೆದು, ಸುಣ್ಣ ಹಾಕಿ, ಸಾಲಾಗಿ ನಡೆದು ಗೇಣು ಗೇಣು ನೋಡಿದೆವು. ರೇಣುಕಾ ಪ್ರತಿ ಹೆಜ್ಜೆಗೂ ಹಿಮ್ಮಡಿ ಕುಟ್ಟುತ್ತ ಬಂದಳು. ಸಣ್ಣ ಕಲ್ಲು, ಮುಳ್ಳು, ಶಂಖುಹುಳದ ಚಿಪ್ಪು ಎಲ್ಲ ಆರಿಸಿ ತೆಗೆದೆವು. ಗಾಡಿ ನಿಲ್ಲಲು ಕೊನೆಯ ನೂರು ಮೀಟರು ಬಿಟ್ಟು, ಅದರ ಹಿಂದಿನ ನೂರು ಮೀಟರಿನ ಎರಡು ತುದಿಗೆ ಹುಡುಗರು, ಗಾಡಿ ದಾಟಿದಾಗ ಬೀಸಲೆಂದು ಟವೆಲು ಹಿಡಿದು ನಿಂತರು. ನಾನು ಸ್ಟಾಪ್‌ವಾಚು ಹಿಡಿದು ದಂಡೆಯಲ್ಲಿ ನಿಂತೆ.

ಮೊದಲನೆಯ ಓಟಕ್ಕೆ ತಾಸಿಗೆ ಅರವತ್ತೆಂಟು ಕಿಲೋಮೀಟರು. ಎರಡನೆಯದಕ್ಕೆ ಎಂಬತ್ತೊಂದು. ಹುಡುಗರು ಕುಣಿದರು. ರೇಣುಕಾ ಹೆಲ್ಮೆಟ್ ತೆಗೆದಾಗ ಮುಖವೆಲ್ಲ ಧೂಳು, ಕಣ್ಣಿನ ಸುತ್ತ ಮಾತ್ರ ಸ್ವಚ್ಛ. ಇಂಜಿನ್‌ನಲ್ಲಿ ಇನ್ನೂ ಉಸಿರಿದೆ, ಆದರೆ ದಾರಿ ಮುಗಿದುಹೋಗುತ್ತದೆ ಎಂದಳು. ಅಲ್ಲಿಗೆ ನಿಲ್ಲಿಸಿದ್ದರೆ, ಆ ಬೆಳಗನ್ನು ಇಂದಿಗೂ ಸಂತೋಷದಿಂದ ನೆನೆಯುತ್ತಿದ್ದೆ. ನನ್ನ ತಲೆಯಲ್ಲಿ ನೂರು ಎನ್ನುವ ಅಂಕಿ ಕೂತುಬಿಟ್ಟಿತ್ತು. ನೂರು ಮುಟ್ಟಿತೆಂದು ಉಪಾಧ್ಯೆಯವರಿಗೆ ಫೋನು ಮಾಡುವ ಮಾತುಗಳನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಇನ್ನೂರು ಮೀಟರು ಮುಂದಕ್ಕೆ ಹೆಚ್ಚಿಸೋಣ, ಅಲ್ಲಿ ಟವೆಲು ಹಿಡಿಯಿರಿ ಎಂದೆ. ಬಿಸಿಲು ಏರಿತ್ತು. ಹುಡುಗರು ದಾರಿಯ ಅಂಚಿಗೆ ಹಗ್ಗ ಎಳೆದು ಸುಣ್ಣ ಹಾಕಿ ಬಂದರು.

ರೇಣುಕಾ ಗಾಡಿಯಲ್ಲಿ ಕೂತವಳು ಕತ್ತು ಎತ್ತಿ ಹೇಳಿದಳು: "ಸರ, ಅಷ್ಟನ್ನ ನಡದು ನೋಡಿಲ್ರಿ."

"ಅದೂ ಇದ ನೆಲಾನ ಅಲ್ಲೇನು?" ಎಂದೆ ನಾನು.

ಅವಳು ಹೆಲ್ಮೆಟ್ ಹಾಕಿಕೊಂಡಳು.

ನಾನು ನೋಡಿದ್ದು ಇಷ್ಟು. ಗಾಡಿ ಹಳೆಯ ಗುರುತು ದಾಟಿತು. ಸದ್ದು ಅಲ್ಲಿಯವರೆಗೆ ಕೇಳಿರದಷ್ಟು ಮೇಲಕ್ಕೆ ಹೋಯಿತು. ನಾನು ಸ್ಟಾಪ್‌ವಾಚಿನ ಗುಂಡಿ ಒತ್ತಿದೆ. ಆಮೇಲೆ ಮುಂದಿನ ಗಾಲಿ ಇರಲಿಲ್ಲ. ನೆಲದೊಳಗೆ ಹೋಗಿತ್ತು. ಹಿಂದಿನ ಭಾಗ ಎದ್ದು ಮಗುಚಿ ಬಿತ್ತು. ಧೂಳು ಎದ್ದು ಏನೂ ಕಾಣದಾಯಿತು. ಓಡಿದೆ. ನನ್ನ ಮೊಪೆಡ್ಡಿನ ಹಾಗೆಯೇ ಓಡಿದೆ. ಹುಡುಗರು ನನಗಿಂತ ಎಷ್ಟೋ ಮುಂಚೆ ಮುಟ್ಟಿದ್ದರು.

ಅಲ್ಲೊಂದು ಹಗೇವು ಇತ್ತು. ಹಿಂದೆ ನಮ್ಮ ಕಡೆ ನೆಲದಲ್ಲಿ ಆಳು ಎತ್ತರಕ್ಕಿಂತ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಡಿದಿಡುತ್ತಿದ್ದರಲ್ಲ, ಅಂಥ ಕಣಜ. ಊರು ಬಿಡುವಾಗ ಜೋಳವನ್ನೂ ಒಯ್ದಿದ್ದರು, ಮುಚ್ಚಿದ ಕಲ್ಲನ್ನೂ ಒಯ್ದಿದ್ದರು. ವರ್ಷ ವರ್ಷ ಬಂದ ನೀರು ಅದರ ಬಾಯಿಗೆ ಕಸಕಡ್ಡಿ ತಂದು ಸಿಕ್ಕಿಸಿ, ಮೇಲೆ ರೇವೆ ಹಾಸಿ ಹೋಗಿತ್ತು. ರೊಟ್ಟಿಯ ದಪ್ಪದ ಆ ಪದರು ಸುತ್ತಲಿನ ನೆಲದ ಹಾಗೆಯೇ ಕಾಣುತ್ತಿತ್ತು. ಒಂದು ಸಲ ತುಳಿದಿದ್ದರೆ ಗೊತ್ತಾಗುತ್ತಿತ್ತು. ಹನಮಂತ ಗುಂಡಿಯ ದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಇಲ್ಲೆ ನಮ್ಮ ಮಂದಿಯ ಹಗೇವು ಇದ್ದವಂತೆ, ಅಜ್ಜ ಹೇಳುತ್ತಿದ್ದ, ನನಗೆ ನೆನಪಾಗಲಿಲ್ಲ ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಅವನ ಅಜ್ಜ ಪುನರ್ವಸತಿ ಕೇಂದ್ರದಲ್ಲಿ, ಅಲ್ಲಿಂದ ಮೂರು ಮೈಲಿ ದೂರದಲ್ಲಿ, ಗಟ್ಟಿಮುಟ್ಟಾಗಿ ಕೂತಿದ್ದ. ಅವನನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ರೇಣುಕಾಳ ಬಲಗಾಲು ಚೌಕಟ್ಟಿನ ಪೈಪಿಗೂ ಹಗೇವಿನ ಬಾಯಿಯ ಕಲ್ಲುಕಟ್ಟೆಗೂ ನಡುವೆ ಸಿಕ್ಕಿತ್ತು. ಅವಳಿಗೆ ಎಚ್ಚರವಿತ್ತು. ಅಳಲಿಲ್ಲ. ಇಂಜಿನ್ ಇನ್ನೂ ಓಡುತ್ತಿತ್ತು, ಅದನ್ನು ಬಂದ್ ಮಾಡಿರಿ ಎಂದಳು. ಅದೇ ಟೆಂಪೋದಲ್ಲಿ ಬಾಗಲಕೋಟೆಗೆ ಒಯ್ದೆವು. ಮೂರನೆಯ ದಿನ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಪ್ರಿನ್ಸಿಪಾಲರು ನನ್ನನ್ನು ಗೋಡೆಯ ಬದಿಗೆ ಕರೆದರು. ಸಂಸ್ಥೆಗೆ ಇದರ ಬಗ್ಗೆ ಗೊತ್ತಿಲ್ಲ, ಅನುಮತಿಯ ಕಾಗದ ಎಲ್ಲೂ ಇಲ್ಲ, ನಿಮ್ಮ ನೌಕರಿ ಉಳಿಯಬೇಕಾದರೆ ಆದಷ್ಟು ಕಡಿಮೆ ಮಾತಾಡಿ ಎಂದರು. ಆಮೇಲೆ ಒಳಗೆ ಹೋಗಿ ರೇಣುಕಾಳ ತಂದೆಯ ಹತ್ತಿರ ಏನೋ ಗಟ್ಟಿಯಾಗಿ, ಕಿವುಡರಿಗೆ ಹೇಳುವ ಹಾಗೆ, ಹೇಳಿ ಹೋದರು. ಮಧ್ಯಾಹ್ನ ಹವಾಲ್ದಾರರು ಹೇಳಿಕೆ ಬರೆದುಕೊಳ್ಳಲು ಬಂದರು. ನಾನು ಮಂಚದ ಬುಡದಲ್ಲಿ ನಿಂತಿದ್ದೆ. ಹೊದಿಕೆಯ ಕೆಳಗೆ ಒಂದು ಕಾಲು ನನ್ನವರೆಗೂ ಬಂದಿತ್ತು, ಇನ್ನೊಂದು ನಡುವೆಯೇ ನಿಂತಿತ್ತು. ಆ ಖಾಲಿ ಜಾಗವನ್ನು ನೋಡಬಾರದೆಂದು ಅವಳ ಮುಖ ನೋಡುತ್ತಿದ್ದೆ. ಅವಳೂ ನನ್ನ ಮುಖವನ್ನೇ ನೋಡುತ್ತಿದ್ದಳು.

"ಸರಗ ಗೊತ್ತಿರಲಿಲ್ರಿ. ನಾವ ಗಾಡಿ ಒಯ್ದಿದ್ವಿ. ಸರ ಆಮ್ಯಾಲೆ ಬಂದ್ರು" ಎಂದಳು.

ಹವಾಲ್ದಾರರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಹೌದೇನ್ರಿ ಮಾಸ್ತರ?"

ನಾನು ಹೂಂ ಎಂದೆ.

ಇಷ್ಟೇ. ಒಂದು ಅಕ್ಷರ. ಹುಡುಗರೂ ಅದನ್ನೇ ಹೇಳಿದರು. ಹನಮಂತ ಹೇಳುವಾಗ ನೆಲ ನೋಡುತ್ತಿದ್ದ. ಸಂಸ್ಥೆಯವರು, ಅನುಮತಿಯಿಲ್ಲದೆ ಸಾಮಾನು ಹೊರಗೆ ಒಯ್ದು ಅಪಘಾತ ಮಾಡಿಕೊಂಡಳೆಂದು ರೇಣುಕಾಳ ಹೆಸರು ತೆಗೆದುಹಾಕಿದರು. ಮೂವರು ಹುಡುಗರಿಗೆ ತಾಕೀತು ಪತ್ರ. ಅವಳೇ ಒಪ್ಪಿಕೊಂಡಿದ್ದರಿಂದ ಅವಳಿಗೆ ಹೆಚ್ಚಿನದು. ಪರೀಕ್ಷೆಗೆ ಎರಡು ತಿಂಗಳಿತ್ತು. ಪರೀಕ್ಷೆಯಿಲ್ಲದೆ ಸರ್ಟಿಫಿಕೇಟಿಲ್ಲ, ಸರ್ಟಿಫಿಕೇಟಿಲ್ಲದೆ ಉಪಾಧ್ಯೆಯವರ ಕಂಪನಿಯಿಲ್ಲ. ಉಪಾಧ್ಯೆ ಸುದ್ದಿ ತಿಳಿದು ಬಂದರು. ಅವಳನ್ನು ನೋಡಿಕೊಂಡು ಹೊರಗೆ ಬಂದವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು, ನಡೆದು ನೋಡಿದ್ದರೋ ಇಲ್ಲವೋ ಎಂದು. ನನಗೇನು ಗೊತ್ತು, ನಾನು ಆಮೇಲೆ ಹೋದವನು ಎಂದೆ. ಒಂದು ಸುಳ್ಳು ಎಷ್ಟು ಬೇಗ ಮೈಗೂಡುತ್ತದೆ ಎಂದು ನನಗೇ ಆಶ್ಚರ್ಯವಾಯಿತು.

ತಿಂಗಳಾದ ಮೇಲೆ ಬನಹಟ್ಟಿಗೆ ಹೋದೆ. ಮಲ್ಲಪ್ಪನಿಗಾದರೂ ಖರೆ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಓಣಿಯ ಬಾಯಿಗೇ ಮಗ್ಗಗಳ ಸದ್ದು. ಅವನು ಶೆಡ್ಡಿನಲ್ಲಿ ಎರಡು ಮಗ್ಗಗಳ ನಡುವೆ ನಿಂತಿದ್ದ. ನನ್ನನ್ನು ಕಂಡು ಕೈ ಮುಗಿದ, ಮಗ್ಗ ನಿಲ್ಲಿಸಲಿಲ್ಲ. ಅವನ ಕಿವಿಯ ಹತ್ತಿರ ಬಾಯಿಟ್ಟು, ಕರೆದುಕೊಂಡು ಹೋದವನು ನಾನು, ಓಡಿಸು ಎಂದವನೂ ನಾನೇ ಎಂದು ಕೂಗಿದೆ. ಎರಡು ಸಲ ಕೂಗಿದೆ. ಅವನು ತಲೆ ಆಡಿಸುತ್ತ ಕೇಳಿಸಿಕೊಂಡ. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದ: "ತಪ್ಪು ನಮ್ಮ ಹುಡುಗೀದ್ರಿ ಸರ. ನಿಮಗೂ ತ್ರಾಸ ಕೊಟ್ಲು. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಮೂರನೆಯ ಸಲ ಕೂಗುವ ಧೈರ್ಯ ನನ್ನಲ್ಲಿ ಉಳಿಯಲಿಲ್ಲ. ಅವನು ತರಿಸಿದ ಚಹಾ ಕುಡಿದೆ. ರೇಣುಕಾ ಒಳಗಿದ್ದಳು. ಕರೆಯಲೇ ಎಂದು ಅವನು ಕೇಳಿದಾಗ, ಮಲಗಿರಲಿ ಬಿಡಿ ಎಂದು ಎದ್ದು ಬಂದೆ.

ಮುಂದೆ ಆರೇಳು ವರ್ಷ ನೌಕರಿ ಮಾಡಿ ನಿವೃತ್ತನಾದೆ. ಹಾರ ಹಾಕಿದರು. ಒಳ್ಳೆಯ ಮಾಸ್ತರ, ಹುಡುಗರಿಗೆ ಹೊಸ ದಾರಿ ತೋರಿಸಿದವರು ಎಂದು ಯಾರೋ ಭಾಷಣ ಮಾಡಿದರು. ಆ ಆರೇಳು ವರ್ಷ ನಾನು ಕ್ಲಾಸಿನಲ್ಲಿ ಪಠ್ಯದಲ್ಲಿದ್ದುದನ್ನು ಬಿಟ್ಟು ಒಂದು ಮಾತೂ ಹೆಚ್ಚಿಗೆ ಆಡಿರಲಿಲ್ಲ. ಯಾವ ಹುಡುಗನಾದರೂ ಬೇರೆ ಕೆಲಸಗಳ ಬಗ್ಗೆ ಕೇಳಿದರೆ, ಗ್ಯಾರೇಜು ಒಳ್ಳೆಯದು ಎನ್ನುತ್ತಿದ್ದೆ.

ರೇಣುಕಾಳ ಸುದ್ದಿ ಹೇಳಿದವನು ಹನಮಂತ. ರಬಕವಿ ರಸ್ತೆಯ ಮೇಲೆ ಶೆಡ್ಡು ಹಾಕಿದ್ದಾಳೆ, ಕಾಲಿಲ್ಲದವರ ಸ್ಕೂಟರಿಗೆ ಬದಿಯ ಗಾಲಿ ಕೂಡಿಸಿಕೊಡುತ್ತಾಳೆ, ಹುನ್ನೂರಿನಿಂದ, ಬೆಳಗಲಿಯಿಂದ ಎಲ್ಲ ಜನ ಬರುತ್ತಾರೆ ಎಂದ. ಹೋಗಬೇಕು ಎಂದುಕೊಂಡು ಒಂದು ವರ್ಷ ತಳ್ಳಿದೆ. ಕೊನೆಗೆ ಹೋದೆ.

ಅವಳು ಒಂದು ಸ್ಕೂಟರಿನ ಪಕ್ಕ ನೆಲದ ಮೇಲೆ ಕೂತು ಪಾನಾದಿಂದ ನಟ್ಟು ಬಿಗಿಯುತ್ತಿದ್ದಳು. ಕೃತಕ ಕಾಲನ್ನು ಬಿಚ್ಚಿ ಗೋಡೆಗೆ ಆನಿಸಿಟ್ಟಿದ್ದಳು. ತಲೆಯಲ್ಲಿ ನಾಲ್ಕು ಬಿಳಿ ಕೂದಲು. ಗುರುತು ಹಿಡಿದು, "ಬರ್ರಿ ಸರ, ಕುಂಡ್ರಿ" ಎಂದು ಸ್ಟೂಲು ತೋರಿಸಿದಳು. ಕೆಲಸ ನಿಲ್ಲಿಸಲಿಲ್ಲ. ಹವಾಪಾನಿಯ ಮಾತು ಮುಗಿದ ಮೇಲೆ, ಇಷ್ಟು ವರ್ಷ ನನ್ನನ್ನು ಕಾಡಿದ್ದನ್ನು ಕೇಳಿಯೇಬಿಟ್ಟೆ. ಅವತ್ತು ಆಸ್ಪತ್ರೆಯಲ್ಲಿ ಯಾಕೆ ಹಾಗೆ ಹೇಳಿದಿ ಎಂದೆ.

ಅವಳು ಪಾನಾ ಕೆಳಗಿಟ್ಟು ಹೇಳಿದಳು: "ನಿಮ್ಮ ನೌಕರಿ ಹೋಗ್ತೈತಿ ಅಂತ ಪ್ರಿನ್ಸಿಪಾಲರು ಅಪ್ಪಗ ಹೇಳಾಕತ್ತಿದ್ರು. ಹೋಗಬಾರದು ಅನಸ್ತು, ಅದು ಖರೆ. ಆದ್ರ ನಾ ಹಂಗ ಅಂದ್ರ ನೀವು ಇಲ್ಲ ಅಂತೀರಿ ಅಂದ್ಕೊಂಡಿದ್ನಿರಿ. ಅದಕ್ಕ ನಿಮ್ಮ ಮಾರಿ ನೋಡಿದ್ನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇಂಜಿನ್‌ನ ದೋಷ ಹೇಳುವ ಹಾಗೆ ಹೇಳಿದಳು. ಆ ನೋಟವನ್ನು ಇಷ್ಟು ವರ್ಷ, ಸುಮ್ಮನಿರಿ ಸರ ಎಂದು ನನ್ನನ್ನು ಬೇಡಿಕೊಂಡ ನೋಟವೆಂದೇ ನಾನು ತಿಳಿದಿದ್ದೆ. ಹಾಗೆ ತಿಳಿಯುವುದು ನನಗೆ ಅನುಕೂಲವಾಗಿತ್ತು.

ಬರೆದು ಕೊಡುತ್ತೇನೆ ಎಂದೆ. ಸಂಸ್ಥೆಗೆ, ನಡೆದದ್ದನ್ನೆಲ್ಲ, ನನ್ನ ಸಹಿ ಹಾಕಿ. ಅವಳು ಮತ್ತೆ ಪಾನಾ ಎತ್ತಿಕೊಂಡಳು. "ನನಗ ಅದರಿಂದ ಏನೂ ಆಗಬೇಕಾಗಿಲ್ರಿ. ಆದ್ರೂ ಬರೀರಿ" ಎಂದಳು.

ಆ ಅರ್ಜಿಗೆ ಸಂಸ್ಥೆಯಿಂದ ಇವತ್ತಿನ ತನಕ ಉತ್ತರ ಬಂದಿಲ್ಲ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಗಿನ ಪ್ರಿನ್ಸಿಪಾಲರು ಈಗಿಲ್ಲ. ಹೊಸ ಗುಮಾಸ್ತ ಅದನ್ನು ಎರಡು ಸಲ ಓದಿ, ಇದನ್ನು ಯಾವ ಫೈಲಿಗೆ ಹಾಕಲಿ ಎಂದು ನನ್ನನ್ನೇ ಕೇಳಿದ. ಆದರೆ ಕೊಡುವ ಮುಂಚೆ ನಾನು ಅದನ್ನು ಶೆಡ್ಡಿಗೆ ಒಯ್ದು ರೇಣುಕಾಳ ಕೈಗೆ ಕೊಟ್ಟಿದ್ದೆ. ನಾಲ್ಕು ದಿನ ಕೂತು ಬರೆದದ್ದು. ಎರಡು ಪುಟ. ಅವಳು ಕೈಯ ಎಣ್ಣೆಯನ್ನು ಅರಿವೆಗೆ ಒರೆಸಿಕೊಂಡು, ಬೆಳಕಿಗೆ ಹಿಡಿದು, ಸಾಲಿಗೊಂದು ಸಲ ನಿಲ್ಲುತ್ತ ಓದಿದಳು. ನಾನೇ ಕರೆದುಕೊಂಡು ಹೋದೆ ಎನ್ನುವ ಸಾಲು ದಾಟಿದಳು. ನಡೆದು ನೋಡಿಲ್ಲ ಎಂದು ವಿದ್ಯಾರ್ಥಿನಿ ಎಚ್ಚರಿಸಿದರೂ ನಾನು ಕೇಳಲಿಲ್ಲ ಎನ್ನುವ ಸಾಲು ದಾಟಿದಳು. ಎರಡನೆಯ ಪುಟದ ನಡುವೆ ಬೆರಳಿಟ್ಟು ನಿಂತಳು.

"ಇಲ್ಲೆ ತಪ್ಪೈತ್ರಿ ಸರ."

ಬಗ್ಗಿ ನೋಡಿದೆ. ಸರಕಾರಿ ಭಾಷೆಯ ರೂಢಿಯಲ್ಲಿ, ವಿದ್ಯಾರ್ಥಿನಿಯು ನಿಯಂತ್ರಣ ತಪ್ಪಿ ಬಿದ್ದಳು ಎಂದು ಬರೆದಿದ್ದೆ.

"ನಿಯಂತ್ರಣ ತಪ್ಪಿಲ್ರಿ. ಹ್ಯಾಂಡಲ್ ಸೀದಾ ಇತ್ತು. ನಾ ಬಿದ್ದಿಲ್ಲ, ನೆಲಾ ಬಿತ್ತು. ಅಷ್ಟು ತಿದ್ರಿ" ಎಂದಳು.

ಕಿಸೆಯಿಂದ ಪೆನ್ನು ತೆಗೆದೆ. ಕಾಗದವನ್ನು ಸ್ಕೂಟರಿನ ಸೀಟಿನ ಮೇಲಿಟ್ಟು, ಆ ಸಾಲನ್ನು ಹೊಡೆದುಹಾಕಿ, ಅವಳು ಹೇಳಿದ ಹಾಗೆ ಬರೆದೆ.